ಪೊರೆ ತೆಗೆದ ಮೇಲೆ ಪೊರೆಯುವವರು ಯಾರು?

ಕೂಟದ ಹಬ್ಬದೂಟದ ಸಾಲಿನಲ್ಲಿ ನಿಂತು ಸುತ್ತಲಿನ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಸಾಕು, ನಮಗೆಲ್ಲ ಎಷ್ಟು ವಯಸ್ಸಾಯಿತೆಂದು ತಿಳಿದುಬಿಡುತ್ತದೆ. 1970ರ ದಶಕದಲ್ಲಿ ಬಂದಾಗ ನಮ್ಮ ಮಾತೆಲ್ಲ ಗ್ರೀನ್ ಕಾರ್ಡಿನದು. ಆಮೇಲೆ ಮನೆ ಸಾಲದ ಬಡ್ಡಿಯದು, ಆಮೇಲೆ ಮಕ್ಕಳ ಕಾಲೇಜಿನದು, ಅವರ ಮದುವೆಯದು. ಈಗ ಬಿಸಿಬೇಳೆ ಬಾತಿನ ತಟ್ಟೆ ಹಿಡಿದುಕೊಂಡು ಒಬ್ಬರು ಇನ್ನೊಬ್ಬರನ್ನು ಕೇಳುವುದು, "ನಿಮ್ಮದು ಒಂದು ಕಣ್ಣು ಆಯಿತೋ, ಎರಡೂ ಆಯಿತೋ?" ಎಂದು.

ಈ ಮಾತುಕತೆಯ ನಡುವೆ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ. ಅದೂ ಸಂಗಾತಿಯನ್ನು ಕಳೆದುಕೊಂಡು ಒಂಟಿಯಾಗಿ ಇರುವವರ ಬಾಯಲ್ಲಿ ಹೆಚ್ಚು. "ಯಾರಿಗೂ ತೊಂದರೆ ಕೊಡಲಿಲ್ಲ, ನಾನೇ ನೋಡಿಕೊಂಡೆ." ಕೇಳಿದವರೆಲ್ಲ ತಲೆದೂಗುತ್ತೇವೆ. "ಭೇಷ್, ಗಟ್ಟಿ ಜೀವ" ಎನ್ನುತ್ತೇವೆ. ಆದರೆ ಅದು ನಿಜವಾಗಿಯೂ ಮೆಚ್ಚಬೇಕಾದ ಗುಣವೇ? ಕಣ್ಣಿನ ಆಪರೇಷನ್ ಆದ ಮೇಲೆ ಒಬ್ಬರೇ ಮನೆಯಲ್ಲಿ ಇದ್ದು ಚೇತರಿಸಿಕೊಳ್ಳುವುದು ಸ್ವಾವಲಂಬನೆಯೋ, ಅಥವಾ ಸ್ವಾವಲಂಬನೆಯ ಹೆಸರಿನಲ್ಲಿ ನಾವು ಬೇರೆ ಏನನ್ನೋ ಬಚ್ಚಿಡುತ್ತಿದ್ದೇವೆಯೋ? ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಈ ಆಪರೇಷನ್ ಹಿಂದೆ ಹೇಗಿತ್ತು ಎಂಬುದನ್ನು ನೆನಪಿಸಿಕೊಳ್ಳಬೇಕು. ನಮ್ಮಲ್ಲಿ ಉತ್ತರ ಕರ್ನಾಟಕದ ಕಡೆಯವರಿಗೆ ಡಾ. ಎಂ. ಸಿ. ಮೋದಿಯವರ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿದವರು ಅವರು. ಒಂದೇ ದಿನದಲ್ಲಿ 833 ಮಂದಿಯ ಪೊರೆ ತೆಗೆದರೆಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾದವರು. 2005ರಲ್ಲಿ ತೀರಿಕೊಂಡರು. ಆ ಕಾಲದ ಆಪರೇಷನ್ನಿನಲ್ಲಿ ಕಣ್ಣನ್ನು ಅಗಲವಾಗಿ ಕೊಯ್ದು ಮಸೂರವನ್ನೇ ಇಡಿಯಾಗಿ ತೆಗೆಯುತ್ತಿದ್ದರು. ಆಮೇಲೆ ದಿನಗಟ್ಟಲೆ ತಲೆ ಅಲುಗಿಸದೆ ಮಲಗಿರಬೇಕು, ಎಷ್ಟೋ ಕಡೆ ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ. ಕಟ್ಟು ಬಿಚ್ಚಿದ ಮೇಲೆ ಜೀವನಪೂರ್ತಿ ಸೋಡಾ ಬಾಟಲಿಯ ತಳದಂಥ ಕನ್ನಡಕ. ನಮ್ಮ ಅಜ್ಜ ಅಜ್ಜಿಯರ ಮುಖದ ಮೇಲೆ ಅದನ್ನು ನೋಡಿದವರು ನಾವೆಲ್ಲ.

ಆದರೆ ಆ ಮಲಗಿದವರ ಪಕ್ಕದಲ್ಲಿ ಸಾಮಾನ್ಯವಾಗಿ ಇನ್ನೊಬ್ಬರು ಇರುತ್ತಿದ್ದರು. ಮಗಳೋ, ತಮ್ಮನೋ, ಊರಿನವರೋ. ಗಂಜಿ ಕುಡಿಸಲು, ಎಬ್ಬಿಸಿ ಕೂರಿಸಲು, ನೊಣ ಓಡಿಸಲು. "ಜೊತೆಗೆ ಯಾರು ಬರುತ್ತಾರೆ?" ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆಪರೇಷನ್ ಎಂದರೆ ಇಬ್ಬರು ಹೋಗುವುದು ಎಂದೇ ಅರ್ಥ.

ಆಮೇಲೆ ಏನಾಯಿತೆಂಬುದು ನಿಮಗೂ ಗೊತ್ತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ 1967ರಲ್ಲಿ, ಕಿವಿಗೆ ಕೇಳಿಸದ ಶಬ್ದದ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನ ತಂದರು. ಈಗ ಎರಡು ಮೂರು ಮಿಲಿಮೀಟರಿನ ಸೀಳು, ಹೆಚ್ಚಿನವರಿಗೆ ಹೊಲಿಗೆಯಿಲ್ಲ, ಸುಮಾರು 20 ನಿಮಿಷದ ಕೆಲಸ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ. ಮನುಷ್ಯನ ಬುದ್ಧಿಗೆ ನಮಸ್ಕಾರ ಹೇಳಲೇಬೇಕು.

ಆದರೆ ಇಲ್ಲಿ ಒಂದು ಲೆಕ್ಕ ನಮ್ಮ ಕಣ್ತಪ್ಪಿ ಹೋಗುತ್ತದೆ. ಕೊಯ್ಯುವ ಕೆಲಸ ಚಿಕ್ಕದಾಯಿತು, ನಿಜ. ನೋಡಿಕೊಳ್ಳುವ ಕೆಲಸ ಪೂರ್ತಿ ಮಾಯವಾಗಲಿಲ್ಲ. ಅದು ಆಸ್ಪತ್ರೆಯಿಂದ ಎದ್ದು ನಮ್ಮ ಮನೆಗೆ ಬಂತು. ಡಿಸ್ಚಾರ್ಜ್ ಹಾಳೆಯಲ್ಲಿ ಬರೆದಿರುವ ಸೂಚನೆಗಳೆಲ್ಲ, ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಮೆಡಿಕೇರ್ ಆಪರೇಷನ್ನಿನ ವೆಚ್ಚದ ಬಹುಪಾಲು ಕೊಡುತ್ತದೆ, ಆಮೇಲಿನ ಒಂದು ಜೊತೆ ಕನ್ನಡಕಕ್ಕೂ ನೆರವಾಗುತ್ತದೆ. ಜೊತೆಗಿರಲು ಬರುವವರಿಗೆ ಏನೂ ಕೊಡುವುದಿಲ್ಲ. ನಮ್ಮ ಭಾಷೆಯಲ್ಲಿ ಪೊರೆ ಎಂದರೆ ಕಣ್ಣನ್ನು ಮುಚ್ಚುವ ಪದರ. ಪೊರೆ ಎಂದರೆ ಸಲಹು, ಕಾಪಾಡು ಎಂದೂ ಹೌದು. ಮೊದಲನೆಯದನ್ನು ತೆಗೆಯುವುದು ಈಗ ಸುಲಭ. ಎರಡನೆಯದು ಯಾರ ಕೆಲಸ ಎಂಬುದೇ ಪ್ರಶ್ನೆ.

ಒಂಟಿಯಾಗಿರುವವರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳೋಣ. ಇದರಲ್ಲಿ ಹೆಚ್ಚಿನ ಕೆಲಸವನ್ನು ಒಬ್ಬರೇ ಮಾಡಿಕೊಳ್ಳಬಹುದು, ಮಾಡಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಬೇಕಾದದ್ದು ಮುಂಚಿನ ತಯಾರಿ. ಮೂರು ಬಗೆಯ ಹನಿ, ದಿನಕ್ಕೆ ನಾಲ್ಕು ಸಲ ಎಂದು ಬರೆದುಕೊಟ್ಟರೆ ಒಟ್ಟು 12 ಸಲ ಹಾಕಿಕೊಳ್ಳಬೇಕು. ಒಂದಕ್ಕೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು. ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡು ಸುತ್ತಿ, ಫ್ರಿಜ್ಜಿನ ಬಾಗಿಲಿಗೆ ದಪ್ಪ ಅಕ್ಷರದ ಪಟ್ಟಿ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಕೈ ನಡುಗುವವರು ಹಾಸಿಗೆಯಲ್ಲಿ ಅಂಗಾತ ಮಲಗಿ, ಕೆಳರೆಪ್ಪೆ ಎಳೆದು, ಹನಿ ಬಿಡುವುದು ಸುಲಭ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಕನ್ನಡಿಯ ಮುಂದೆ ಒಂದು ವಾರ ಮೊದಲೇ ಬರಿಯ ಕೃತಕ ಕಣ್ಣೀರಿನ ಹನಿಯಿಂದ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸಾರು, ಹುಳಿ ಮಾಡಿ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿಡಬಹುದು. ಮೊದಲ ಕೆಲವು ದಿನ ಮೆಣಸಿನಕಾಯಿ ಒಗ್ಗರಣೆಯ ಘಾಟು ಬೇಡ, ಮೊಸರನ್ನ ಸಾಕು. ತಲೆಗೆ ಎಣ್ಣೆ ಹಚ್ಚಿಕೊಂಡು ಅಭ್ಯಂಜನ ಮಾಡುವ ಆಸೆಯನ್ನು ಮುಂದೂಡಬೇಕು, ಕಣ್ಣಿಗೆ ನೀರು ಬೀಳಬಾರದು. ದೇವರ ಮುಂದೆ ಸಾಷ್ಟಾಂಗ ಬೀಳದೆ ನಿಂತೇ ಕೈಮುಗಿದರೆ ದೇವರು ಬೇಸರಿಸುವುದಿಲ್ಲ. ಹಾಲಿನ ಗ್ಯಾಲನ್ ಕ್ಯಾನೇ ಎಂಟೂವರೆ ಪೌಂಡು ತೂಗುತ್ತದೆ, ಅಕ್ಕಿಯ ಚೀಲವಂತೂ 20. ಎಷ್ಟು ಭಾರ, ಎಷ್ಟು ದಿನ ಎತ್ತಬಾರದು ಎಂದು ಡಾಕ್ಟರನ್ನೇ ಕೇಳಿ ಬರೆದುಕೊಳ್ಳಬೇಕು. ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಕವಚ, ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ, ನೆಲದ ಮೇಲಿನ ಚಾಪೆ ಮತ್ತು ವೈರುಗಳನ್ನು ಮೊದಲೇ ತೆಗೆದಿಡುವುದು. ಒಂದು ಕಣ್ಣು ಆಗಿ ಇನ್ನೊಂದು ಆಗುವವರೆಗೆ ಎರಡೂ ಕಣ್ಣಿನ ನೋಟ ಹೊಂದದೆ ಮೆಟ್ಟಿಲಿನ ಅಂದಾಜು ತಪ್ಪಬಹುದು. ಇಷ್ಟನ್ನು ಒಬ್ಬರೇ ಅಚ್ಚುಕಟ್ಟಾಗಿ ಮಾಡಿಕೊಂಡವರಿಗೆ ನಮ್ಮ ಮೆಚ್ಚುಗೆ ನಿಜವಾದದ್ದೇ.

ಹಾಗಾದರೆ ಒಬ್ಬರಿಂದ ಆಗದ್ದು ಯಾವುದು? ನಮಗೆ ಕಾಣುವುದು ಎರಡೇ. ಮೊದಲನೆಯದು ಮನೆಗೆ ಬರುವ ದಾರಿ. ಮಂಪರಿನ ಔಷಧಿ ಕೊಟ್ಟಿರುವುದರಿಂದ ಅಂದು ಕಾರು ಓಡಿಸುವಂತಿಲ್ಲ. ಜವಾಬ್ದಾರಿಯುತ ವಯಸ್ಕರೊಬ್ಬರು ಬಂದು ಕರೆದುಕೊಂಡು ಹೋಗಬೇಕೆಂದು ಬಹಳ ಕಡೆ ನಿಯಮವಿದೆ, ಬರಿಯ ಟ್ಯಾಕ್ಸಿಯವನಾದರೆ ಒಪ್ಪುವುದಿಲ್ಲ. ಎರಡನೆಯದು ಇದಕ್ಕಿಂತ ಗಂಭೀರ. ರಾತ್ರಿ ಎರಡು ಗಂಟೆಗೆ ಕಣ್ಣು ನೋಯುತ್ತದೆ ಎನ್ನೋಣ. ಇದು ಸಹಜವಾದ ಕಿರಿಕಿರಿಯೋ, ಅಥವಾ ಡಾಕ್ಟರಿಗೆ ಈಗಲೇ ಫೋನ್ ಮಾಡಬೇಕಾದ ನೋವೋ? ಕಣ್ಣಿನೊಳಗೆ ಸೋಂಕು ತಗಲುವುದು ಅಪರೂಪ, ಸಾವಿರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆದರೆ ತಗಲಿದರೆ ಗಂಟೆಗಳ ಲೆಕ್ಕ. ತಡಮಾಡಿದರೆ ನೋಟವೇ ಹೋಗಬಹುದು. ನೋವು ಏರುತ್ತಾ ಹೋಗುವುದು, ಕೆಂಪಾಗುವುದು, ನೋಟ ಮಂಕಾಗುತ್ತಾ ಬರುವುದು, ಮಿಂಚಿನಂತೆ ಬೆಳಕು ಅಥವಾ ಪರದೆ ಇಳಿದಂತೆ ಕಾಣುವುದು, ಇವು ಕಾಯುವ ವಿಷಯಗಳಲ್ಲ.

"ಯಾರಿಗೂ ತೊಂದರೆ ಬೇಡ" ಎಂದು 40 ವರ್ಷ ಅಭ್ಯಾಸ ಮಾಡಿಕೊಂಡವರು ಆ ಎರಡು ಗಂಟೆಗೆ ಏನು ಮಾಡುತ್ತಾರೆ? "ಬೆಳಗಾಗಲಿ, ನೋಡೋಣ" ಎನ್ನುತ್ತಾರೆ. ಡಾಕ್ಟರ ನಿದ್ದೆ ಕೆಡಿಸುವುದಕ್ಕೂ ಸಂಕೋಚ. ಹಗಲಿನಲ್ಲಿ ಸದ್ಗುಣವಾಗಿ ಕಂಡದ್ದೇ ರಾತ್ರಿಯಲ್ಲಿ ಅಪಾಯವಾಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರು ಮಾಡುವ ದೊಡ್ಡ ಉಪಕಾರ ಅಡಿಗೆಯಲ್ಲ, ಹನಿ ಹಾಕುವುದೂ ಅಲ್ಲ. "ಈಗಲೇ ಫೋನ್ ಮಾಡಿ" ಎಂದು ಹೇಳುವುದು. ತಾನೇ ತನಗೆ ಆ ಮಾತು ಹೇಳಿಕೊಳ್ಳುವುದು ನಮ್ಮಂಥವರಿಗೆ ಬಹಳ ಕಷ್ಟ.

ಈ ಸಂಕೋಚ ಬಂದದ್ದೆಲ್ಲಿಂದ? ಕೆಲವರು ಇದನ್ನು ಅಮೆರಿಕದ ಗಾಳಿ ಎನ್ನುತ್ತಾರೆ. ಇಲ್ಲಿ ಎಲ್ಲರೂ ಸ್ವತಂತ್ರರು, ಹೆತ್ತವರೂ ಮಕ್ಕಳ ಮನೆಗೆ ಹೇಳಿಯೇ ಹೋಗುವವರು ಎಂದು. ಸ್ವಲ್ಪ ನಿಜವಿರಬಹುದು. ಆದರೆ "ಹಂಗು" ಎಂಬ ಮಾತನ್ನು ನಾವು ಇಲ್ಲಿ ಕಲಿತದ್ದಲ್ಲ, ಊರಿನಿಂದಲೇ ಕಟ್ಟಿಕೊಂಡು ಬಂದದ್ದು. ಯಾರ ಹಂಗಿನಲ್ಲೂ ಇರಬಾರದು ಎಂಬುದು ನಮ್ಮ ಹಿರಿಯರು ಹೇಳಿಕೊಟ್ಟ ಪಾಠ. ಹಾಗೆ ನೋಡಿದರೆ ಊರಿನಲ್ಲಿ ಅದನ್ನು ಪಾಲಿಸುವುದು ಸುಲಭವಿತ್ತು, ಏಕೆಂದರೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಜ್ವರ ಬಂದರೆ ಪಕ್ಕದ ಮನೆಯವರು ಕೇಳದೆಯೇ ಗಂಜಿ ತರುತ್ತಿದ್ದರು. ಇಲ್ಲಿನ ನೆರೆಯವರು ಒಳ್ಳೆಯವರಲ್ಲವೆಂದಲ್ಲ. ಕೇಳದೆ ಒಳಗೆ ಬರುವುದು ಇಲ್ಲಿ ಮರ್ಯಾದೆಯಲ್ಲ. ಕೇಳದೆ ಕೊಡುವ ಊರಿನಿಂದ ಬಂದು, ಕೇಳಿದರೆ ಮಾತ್ರ ಕೊಡುವ ಊರಿನಲ್ಲಿ ಮನೆ ಕಟ್ಟಿದೆವು. ಕೇಳುವುದನ್ನು ಮಾತ್ರ ನಮಗೆ ಯಾರೂ ಕಲಿಸಲಿಲ್ಲ.

ಆದರೆ ನಮ್ಮ ಹಿರಿಯರ ಗಂಟಿನಲ್ಲಿ ಹಂಗಿನ ಜೊತೆಗೆ ಇನ್ನೊಂದು ಮಾತೂ ಇತ್ತು. ಅದು "ಮುಯ್ಯಿ." ಹಳ್ಳಿಯಲ್ಲಿ ಬೆಳೆದವರಿಗೆ ಮುಯ್ಯಾಳು ಎಂದರೆ ಏನೆಂದು ನೆನಪಿರುತ್ತದೆ. ನಾಟಿಯ ದಿನ ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಕೂಲಿಯಿಲ್ಲ, ದಾನವೂ ಅಲ್ಲ. ಮದುವೆಯಲ್ಲಿ ಮುಯ್ಯಿ ಓದಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದುದು ಇದೇ ನ್ಯಾಯದಿಂದ. ಹಂಗು ಎಂದರೆ ಒಬ್ಬರು ಮೇಲೆ, ಒಬ್ಬರು ಕೆಳಗೆ. ಮುಯ್ಯಿಯಲ್ಲಿ ಇಬ್ಬರೂ ಒಂದೇ ಬದುವಿನ ಮೇಲೆ ನಿಂತವರು, ಸರದಿ ಮಾತ್ರ ಬೇರೆ. ಕಣ್ಣಿನ ಪೊರೆಯಂತೂ ಮುಯ್ಯಿಗೆಂದೇ ಹುಟ್ಟಿದ ಕಾಯಿಲೆ. ವಯಸ್ಸಾದವರಲ್ಲಿ ಹೆಚ್ಚಿನವರಿಗೆ ಬರುತ್ತದೆ, ಸಾಮಾನ್ಯವಾಗಿ ಎರಡೂ ಕಣ್ಣಿಗೆ. ಅದರಲ್ಲೂ ಒಂದು ಕಣ್ಣಿಗೂ ಇನ್ನೊಂದಕ್ಕೂ ನಡುವೆ ಹಲವರಿಗೆ ಕೆಲವು ವಾರ ಬಿಡುವಿರುತ್ತದೆ. ಇಂದು ಕರೆದುಕೊಂಡು ಬಂದವರನ್ನು ನಾಳೆ ಕರೆದುಕೊಂಡು ಬರುವ ಅವಕಾಶ ಇದಕ್ಕಿಂತ ಚೆನ್ನಾಗಿ ಎಲ್ಲಿ ಸಿಗುತ್ತದೆ?

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. 85 ದಾಟಿದವರು, ಕಾರು ಓಡಿಸುವುದನ್ನು ಬಿಟ್ಟವರು, ಮುಯ್ಯಿ ತೀರಿಸುವುದು ಹೇಗೆ? ಅವರಿಗೆ ಇದು ಹಂಗೇ ಆಗುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಇದಕ್ಕೆ ಉತ್ತರವಿದೆ. ಕಾರು ಓಡಿಸಲಾಗದವರು ಫೋನ್ ಮಾಡಬಲ್ಲರು. ದಿನಕ್ಕೆ ನಾಲ್ಕು ಸಲ ಹನಿಯ ಹೊತ್ತಿಗೆ ಸರಿಯಾಗಿ ಕರೆದು, "ಹಸಿರು ಬ್ಯಾಂಡಿನದು ಆಯಿತೇ? ನೋವು ನಿನ್ನೆಗಿಂತ ಹೆಚ್ಚೋ ಕಡಿಮೆಯೋ?" ಎಂದು ಕೇಳುವ ಅಜ್ಜಿಯೊಬ್ಬರು, ಸೂಪು ತಂದುಕೊಟ್ಟು ಓಡುವವರಿಗಿಂತ ಕಡಿಮೆ ಕೆಲಸ ಮಾಡಿದಂತಾಗಲಿಲ್ಲ. ಇಷ್ಟಾದರೂ ಏನನ್ನೂ ತೀರಿಸಲಾಗದವರು ಇದ್ದೇ ಇರುತ್ತಾರೆ, ನಾವೆಲ್ಲ ಒಂದು ದಿನ ಅಲ್ಲಿಗೇ ಹೋಗುವವರು. ಅವರಿಗೆ ನಾವು ಹೇಳಬಹುದಾದದ್ದು ಇಷ್ಟೇ: ನಿಮ್ಮ ಮುಯ್ಯಿ ಹಿಂದೆಯೇ ಬಂದು ತಲುಪಿದೆ. ಹೊಸದಾಗಿ ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತಂದು, ಬಾಡಿಗೆ ಮನೆ ಸಿಗುವವರೆಗೆ ಬೇಸ್‌ಮೆಂಟಿನಲ್ಲಿ ಇಟ್ಟುಕೊಂಡು ಅನ್ನ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ! ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ, ಅಷ್ಟೆ.

ಇನ್ನು ದುಡ್ಡು ಕೊಟ್ಟು ಸಹಾಯಕರನ್ನು ಗೊತ್ತುಮಾಡಿಕೊಳ್ಳುವುದು. ಅದರಲ್ಲೇನೂ ಕುಂದಿಲ್ಲ, ಅನುಕೂಲವಿರುವವರಿಗೆ ಅದೂ ಒಂದು ದಾರಿ. ಕರೆದುಕೊಂಡು ಬರಲು ಅಂಥವರನ್ನು ಒಪ್ಪುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಬೇಕು. ಯಾರೂ ಇಲ್ಲದಿದ್ದರೂ "ಮನೆಯಲ್ಲಿ ಇದ್ದಾರೆ" ಎಂದು ಬರೆದು ಸಹಿ ಹಾಕುವುದಿದೆಯಲ್ಲ, ಅದನ್ನು ಮಾತ್ರ ಸ್ವಾವಲಂಬನೆಯ ಲೆಕ್ಕಕ್ಕೆ ಸೇರಿಸಲಾಗದು. ಆ ನರ್ಸ್ ನಮ್ಮ ಮಾತನ್ನು ನಂಬಿ ನಮ್ಮನ್ನು ಬಿಟ್ಟುಕೊಡುತ್ತಾಳೆ. ನಾವು ಬಿದ್ದರೆ ಅವಳಿಗೂ ಅದರಲ್ಲಿ ಪಾಲು ಬರುತ್ತದೆ. ತೊಂದರೆ ಕೊಡಬಾರದೆಂದು ಹೊರಟು, ಗುರುತೇ ಇಲ್ಲದವರ ತಲೆಗೆ ಅದನ್ನು ಕಟ್ಟಿದಂತಾಯಿತು.

ಮಕ್ಕಳ ವಿಷಯಕ್ಕೆ ಬರೋಣ, ಹೆಚ್ಚು ನೋಯುವ ಜಾಗ ಅದೇ. ಊರಿನಿಂದ ಬರುತ್ತಿದ್ದ ಆ ಫೋನುಗಳು ನೆನಪಿದೆಯಲ್ಲವೇ? "ಹೋದ ತಿಂಗಳು ನಿಮ್ಮ ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು, ಈಗ ಆರಾಮಾಗಿದ್ದಾರೆ. ನಿನಗೆ ಸುಮ್ಮನೆ ಗಾಬರಿ ಯಾಕೆಂದು ಹೇಳಲಿಲ್ಲ." ಆ ಮಾತಿನಲ್ಲಿ ಪ್ರೀತಿ ಇತ್ತು, ಅನುಮಾನವೇ ಇಲ್ಲ. ಆದರೂ ಫೋನ್ ಇಟ್ಟ ಮೇಲೆ ನಮಗೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು. ನಾವು ಹೊರಟು ಬರಲಾಗುತ್ತಿರಲಿಲ್ಲ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಆದರೆ ಆ ದಿನ ಅವರನ್ನು ನೆನೆದು ಗಾಬರಿಯಾಗುವ ಹಕ್ಕು ನಮ್ಮದಾಗಿತ್ತು. ನಾವು ಎಷ್ಟು ತಡೆದುಕೊಳ್ಳಬಲ್ಲೆವು ಎಂಬುದನ್ನು ನಮ್ಮನ್ನು ಕೇಳದೆ ಅವರೇ ತೀರ್ಮಾನಿಸಿಬಿಟ್ಟಿದ್ದರು.

ಈಗ ನಮ್ಮ ಮಕ್ಕಳು ಸಿಯಾಟಲ್‌ನಲ್ಲೋ ಬಾಸ್ಟನ್ನಿನಲ್ಲೋ ಇದ್ದಾರೆ. ಅದೇ ಮಾತು ನಮ್ಮ ನಾಲಿಗೆಯ ತುದಿಗೂ ಬರುತ್ತದೆ. ಅವರಿಗೆ ಕೆಲಸ, ಚಿಕ್ಕ ಮಕ್ಕಳು, ರಜೆಯಿಲ್ಲ. ಎಲ್ಲವೂ ನಿಜ. ಆದರೆ ತಿಳಿಸುವುದು ಬೇರೆ, ಕರೆಯುವುದು ಬೇರೆ. "ಮಂಗಳವಾರ ಆಪರೇಷನ್ ಇದೆ. ಬರುವುದು ಬೇಡ, ಇಲ್ಲಿ ವ್ಯವಸ್ಥೆಯಾಗಿದೆ. ರಾತ್ರಿ ಎಂಟಕ್ಕೆ ಮತ್ತು ಬೆಳಿಗ್ಗೆ ಏಳಕ್ಕೆ ಫೋನ್ ಮಾಡು. ನಾನು ಎತ್ತದಿದ್ದರೆ ಈ ನಂಬರಿಗೆ ಮಾಡು." ಇಷ್ಟು ಹೇಳಿದರೆ ಯಾರಿಗೂ ಯಾವ ಹೊರೆಯೂ ಆಗುವುದಿಲ್ಲ. ಬರುತ್ತೇನೆಂದು ಅವರು ಹಟ ಹಿಡಿದರೆ ಅದು ಅವರ ತೀರ್ಮಾನ. ಅದನ್ನು ಅವರಿಂದ ಕಿತ್ತುಕೊಳ್ಳುವ ಅಧಿಕಾರ ನಮಗಿಲ್ಲ.

ಸಹಾಯ ಮಾಡುವವರಿಗೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಜನ ಕೇಳಲು ಹೆದರುವುದು ಸುಮ್ಮನೆ ಅಲ್ಲ. ಕಣ್ಣಿಗೆ ಜೇನುತುಪ್ಪ ಹಾಕಿ, ಹರಳೆಣ್ಣೆ ಹಚ್ಚಿ ಎಂದು ಉಪದೇಶ ಮಾಡುವವರಿದ್ದಾರೆ. ಇವು ಆಪರೇಷನ್ ಆದ ಕಣ್ಣಿನ ಹತ್ತಿರ ಸುಳಿಯಲೂಬಾರದು. ಮೂರು ಗಂಟೆ ಕೂತು ತಮ್ಮ ಬೆನ್ನುನೋವಿನ ಕಥೆ ಹೇಳುವವರಿದ್ದಾರೆ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತಮ್ಮಿಷ್ಟದಂತೆ ಜೋಡಿಸಿ, ನೋಟ ಮಸುಕಾಗಿರುವವರಿಗೆ ಉಪ್ಪೆಲ್ಲಿ ಸಕ್ಕರೆಯೆಲ್ಲಿ ಎಂದು ತಿಳಿಯದಂತೆ ಮಾಡಿ ಹೋಗುವವರೂ ಇದ್ದಾರೆ. ಕೇಳಿದಷ್ಟು ಮಾಡಿ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು, ಎದ್ದು ಬರುವುದೇ ಒಳ್ಳೆಯ ಸಹಾಯ. ಒಂಟಿಯಾಗಿ ಇರುವವರಿಗೆ ಆ ಒಂಟಿತನದಲ್ಲಿ ಒಂದು ವ್ಯವಸ್ಥೆಯಿದೆ, ಅದು ಅವರ ಮನೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಹಬ್ಬದೂಟದ ಸಾಲಿನಲ್ಲಿ "ನಾನೇ ಅವರನ್ನು ಕರೆದುಕೊಂಡು ಹೋದೆ" ಎಂದು ಹೇಳಿಕೊಂಡು ತಿರುಗಬಾರದು. ಕೊಟ್ಟಾಗ ಮುಯ್ಯಿಯಾಗಿದ್ದದ್ದು ಆಡಿಕೊಂಡಾಗ ಹಂಗಾಗುತ್ತದೆ.

ಕೊನೆಗೆ ನಮ್ಮ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಇದು. ಒಬ್ಬರೇ ಮಾಡಿಕೊಳ್ಳಬಹುದಾದದ್ದನ್ನು ಒಬ್ಬರೇ ಮಾಡಿಕೊಳ್ಳುವುದು ಒಳ್ಳೆಯ ಗುಣ. ಆಗದ ಆ ಎರಡನ್ನು, ಮನೆಗೆ ಬರುವ ದಾರಿಯನ್ನೂ ಮೊದಲ ರಾತ್ರಿಗಳ ಕಾವಲನ್ನೂ, ಮುಚ್ಚಿಡದೆ ಬಾಯಿಬಿಟ್ಟು ಕೇಳುವುದೂ ಅಷ್ಟೇ ಒಳ್ಳೆಯ ಗುಣ. "ಏನಾದರೂ ಬೇಕಾದರೆ ಹೇಳಿ" ಎನ್ನುವವರಿಗೆ "ಏನೂ ಬೇಡ" ಎನ್ನುವ ಬದಲು, "ಮಂಗಳವಾರ ಹನ್ನೊಂದಕ್ಕೆ ಬರುತ್ತೀರಾ? ಬುಧವಾರ ತಪಾಸಣೆಗೆ ಇನ್ನೊಬ್ಬರನ್ನು ಕೇಳಿದ್ದೇನೆ" ಎಂದು ಲೆಕ್ಕ ಹಾಕಿ ಕೇಳಿದರೆ ಕೇಳುವವರ ಮರ್ಯಾದೆಯೂ ಉಳಿಯುತ್ತದೆ, ಬರುವವರಿಗೂ ತಮ್ಮಿಂದ ಏನಾಗಬೇಕೆಂದು ತಿಳಿಯುತ್ತದೆ.

ಬರಿಯ ಮಾತಿನಲ್ಲಿ ಬಿಡುವುದು ಬೇಡ. ಮುಂದಿನ ಕಾರ್ಯಕ್ರಮದ ದಿನ ಬಾಗಿಲ ಹತ್ತಿರ, ಸದಸ್ಯತ್ವದ ಚೀಟಿಗಳ ಪಕ್ಕದಲ್ಲಿ, ಒಂದು ಹಾಳೆ ಇಡೋಣ. ಎರಡು ಅಂಕಣ ಸಾಕು. ಒಂದು ಕಡೆ, ಕಾರು ತರಬಲ್ಲವರು, ಒಂದು ರಾತ್ರಿ ಜೊತೆಗಿರಬಲ್ಲವರು, ಹೊತ್ತಿಗೆ ಸರಿಯಾಗಿ ಫೋನ್ ಮಾಡಬಲ್ಲವರು. ಇನ್ನೊಂದು ಕಡೆ, ಈ ವರ್ಷ ಬೇಕಾಗಬಹುದಾದವರು. ವೇದಿಕೆಯ ಮೇಲೆ ಯಾರ ಹೆಸರನ್ನೂ ಓದುವುದು ಬೇಡ. ಬರೆಯುವಾಗ ಎರಡೂ ಅಂಕಣ ನೋಡಿ ಬರೆಯಿರಿ. ಒಂದೇ ಹೆಸರನ್ನು ಎರಡೂ ಕಡೆ ಬರೆಯಲು ಅಡ್ಡಿಯಿಲ್ಲ.